ಆರು ಮೀಟರಿನ ಗೋಡೆ

ಅಬ್ದುಲ್ ವಹೀದ್ ಸಾಹೇಬರ ಕಾಂಟ್ರಾಕ್ಟ್ ಆಫೀಸು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ, ಒಂದು ಔಷಧದ ಅಂಗಡಿಯ ಮೇಲಿತ್ತು. ಅಲ್ಲಿ ನಕ್ಷೆ ಅಳೆದು ಕಟ್ಟಡದ ಅಂದಾಜು ತೆಗೆಯುವ ಕೆಲಸ ಇಪ್ಪತ್ತೆಂಟು ವರ್ಷಗಳಿಂದ ವಿಠ್ಠಲರಾಯರದು. ದಿನಾ ಮಾನ್ವಿಯಿಂದ ಬಸ್ಸಿಗೆ ಬಂದು, ದೊಡ್ಡ ಹಾಳೆಯನ್ನು ಮೇಜಿನ ಮೇಲೆ ಹಾಸಿ, ಮೂರು ಅಂಚಿನ ಸ್ಕೇಲು ಇಟ್ಟು ಒಂದೊಂದೇ ಗೋಡೆ ಅಳೆಯುತ್ತಿದ್ದರು. ಎರಡು ವರ್ಷದ ಹಿಂದೆ ಸೇರಿದ ವಿಶಾಖಾಳಿಗೆ ಆ ಕೆಲಸ ಕಲಿಸಿದವರೂ ಅವರೇ. ಅವಳು ಕುರ್ಡಿ ಹಳ್ಳಿಯವಳು. ತಾಯಿ ಮೂಕಮ್ಮ ಗೌಂಡಿಗಳ ಕೈಕೆಳಗೆ ಇಟ್ಟಂಗಿ ಹೊತ್ತು ಮಗಳನ್ನು ಡಿಪ್ಲೊಮಾ ಓದಿಸಿದ್ದಳು.

ಕಂಪ್ಯೂಟರಿನಲ್ಲೇ ನಕ್ಷೆ ಅಳೆಯುವ ಸಾಫ್ಟ್‌ವೇರ್ ಒಂದನ್ನು ಸಾಹೇಬರು ಪರೀಕ್ಷೆಗೆಂದು ತರಿಸಿದರು. ದೇವದುರ್ಗ ತಾಲೂಕಿನ ಜಾಲಹಳ್ಳಿಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಟೆಂಡರು ಆಗತಾನೇ ಬಂದಿತ್ತು.

"ರಾಯರು ಸ್ಕೇಲಿನಾಗ ಅಳೀಲಿ, ನೀ ಇದ್ರಾಗ ಅಳಿ ಬೇಟಿ. ಯಾವುದು ಖರೇ ಲೆಕ್ಕ ಕೊಡ್ತದ ಅದನ್ನ ಇಟ್ಕೊಳ್ಳೋಣು" ಎಂದರು.

ರಾಯರು ಎರಡು ದಿನ ಕೂತು ಅಳೆದರು. ಗೋಡೆಗಳ ಒಟ್ಟು ಉದ್ದ ನಾನೂರ ಹನ್ನೆರಡು ಮೀಟರ್. ವಿಶಾಖಾ ಅದೇ ಹಾಳೆಯನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದಳು. ಅವಳಿಗೆ ಬಂದದ್ದು ಮುನ್ನೂರ ಎಂಬತ್ತೇಳು.

ಇಪ್ಪತ್ತೈದು ಮೀಟರಿನ ಫರಕು! ಸಾಹೇಬರು ರಾಯರ ದಪ್ಪ ಕನ್ನಡಕದತ್ತ ನೋಡಿದರು. ರಾಯರು ಮತ್ತೆ ಅಳೆದರು. ಈ ಸಲ ನಾನೂರ ಹತ್ತು. ಕಂಪ್ಯೂಟರಿನ ಫರಕಿಗಿಂತ ತಮ್ಮದೇ ಆ ಎರಡು ಮೀಟರು ಅವರ ಎದೆ ಒಡೆಯಿತು.

"ನನ್ನ ಕಣ್ಣು ಹೋದ್ವು ತಂಗಿ" ಎಂದರು ಮೆಲ್ಲಗೆ. "ನಮ್ಮಪ್ಪಗೂ ಹಿಂಗ ಶುರು ಆಗಿತ್ತು."

ಮರುದಿನ ಅವರು ಆಫೀಸಿಗೆ ಬರಲಿಲ್ಲ. ಫೋನೂ ಎತ್ತಲಿಲ್ಲ.

ವಿಶಾಖಾಳಿಗೆ ಗೆದ್ದ ಖುಷಿ ಬರಲೇ ಇಲ್ಲ. ಟೆಂಡರಿಗೆ ಇನ್ನು ಮೂರು ದಿನ ಇತ್ತು. ಬಾಗಿಲುಗಳ ಪಟ್ಟಿ ಮಾಡಲು ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಬಾಗಿಲಿನ ಅಗಲ ತೊಂಬತ್ನಾಲ್ಕು ಸೆಂಟಿಮೀಟರ್. ಎರಡನೆಯದೂ ಅಷ್ಟೇ. ಹತ್ತಕ್ಕೆ ಹತ್ತೂ ಅಷ್ಟೇ. ಅವಳ ಕೈ ನಿಂತಿತು. ತೊಂಬತ್ತರ ಬಾಗಿಲು ಉಂಟು, ಒಂದು ಮೀಟರಿನದೂ ಉಂಟು. ತೊಂಬತ್ನಾಲ್ಕರ ಬಾಗಿಲನ್ನು ಯಾವ ಎಂಜಿನಿಯರು ಬರೆದಾನು, ಯಾವ ಬಡಿಗ ಮಾಡಿಯಾನು?

ನಕ್ಷೆಯಲ್ಲಿ ಅಡುಗೆಮನೆಯ ಗೋಡೆಯೊಂದಕ್ಕೆ ಮಾತ್ರ ಅಳತೆ ಬರೆದಿತ್ತು: ಆರು ಮೀಟರ್. ಕಂಪ್ಯೂಟರಿನಲ್ಲಿ ಆ ಗೋಡೆ ಅಳೆದಳು. ಐದು ಮೀಟರ್ ಅರವತ್ನಾಲ್ಕು ಸೆಂಟಿಮೀಟರ್ ಬಂತು. ರಾಯರ ಸ್ಕೇಲನ್ನು ದೊಡ್ಡ ಹಾಳೆಯ ಮೇಲೆ ಇಟ್ಟಳು. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಆರು.

ಎಲ್ಲ ತಿಳಿಯಿತು. ಹಾಳೆಯನ್ನು ಸ್ಕ್ಯಾನ್ ಮಾಡಿಸಿದಾಗ ಚಿತ್ರ ಸ್ವಲ್ಪ ಕುಗ್ಗಿತ್ತು. ಹಾಳೆಯ ಒಂದು ಸೆಂಟಿಮೀಟರಿಗೆ ಕಟ್ಟಡದ ಒಂದು ಮೀಟರ್ ಎಂದು ಹೇಳುವ, ಮೂಲೆಯಲ್ಲಿದ್ದ 'ಒಂದಕ್ಕೆ ನೂರು' ಎಂಬ ಬರಹ ಮಾತ್ರ ಹಾಗೇ ಉಳಿದಿತ್ತು, ಅವಳು ಅದನ್ನೇ ನಂಬಿ ಕಂಪ್ಯೂಟರಿಗೆ ಹೇಳಿದ್ದಳು. ಈಗ ಆ ಗೋಡೆಯನ್ನು ತೋರಿಸಿ, ಇದು ಆರು ಮೀಟರ್ ಎಂದು ಹೊಸದಾಗಿ ಹೇಳಿಕೊಟ್ಟಳು. ಒಟ್ಟು ಉದ್ದ ನಾನೂರ ಹನ್ನೆರಡರ ಹತ್ತಿರ ಬಂದು ನಿಂತಿತು.

ರಾಯರ ಲೆಕ್ಕದ ಹಾಳೆ, ತನ್ನ ಹೊಸ ಲೆಕ್ಕದ ಹಾಳೆ ಎರಡನ್ನೂ ಹಿಡಿದು ಸಾಹೇಬರ ಮುಂದೆ ಹೋಗಿ ನಿಂತಳು.

"ತಪ್ಪು ನಂದ್ರೀ ಸಾಹೇಬ್ರ. ರಾಯರ ಲೆಕ್ಕನ ಬರೋಬ್ಬರಿ ಅದ."

ಸಾಹೇಬರು ಎರಡೂ ಹಾಳೆ ನೋಡಿ ಉಸಿರುಬಿಟ್ಟರು. "ಅಲ್ಲಾನ ದಯಾ. ಕಡಿಮಿ ಲೆಕ್ಕಕ್ಕ ಟೆಂಡರ್ ಹಾಕಿದ ಮ್ಯಾಲೆ ಗೊತ್ತಾಗಿದ್ರ ಮುಳುಗೇ ಹೋಗ್ತಿದ್ದಿವಿ. ಇಲ್ಲ್ಯಾಕ ನಿಂತಿ? ಮಾನ್ವಿ ಬಸ್ ಹತ್ತು, ಹೋಗು."

ಮಾನ್ವಿಯಲ್ಲಿ ಬಾಗಿಲು ತೆರೆದವರು ರಾಯರ ಹೆಂಡತಿ ಅಹಲ್ಯಾಬಾಯಿ. ರಾಯರು ಒಳಗೆ ಕಿಟಕಿಗೆ ಬೆನ್ನು ಮಾಡಿ ಕೂತಿದ್ದರು.

"ಸರ್, ನಿಮ್ಮ ಕಣ್ಣಿಗೇನೂ ಆಗಿಲ್ರೀ" ಎಂದಳು ವಿಶಾಖಾ, ಚಪ್ಪಲಿ ಬಿಡುತ್ತಲೇ. "ನನ್ನ ನಕ್ಷಿನ ಸಣ್ಣದಾಗಿತ್ತು."

ರಾಯರು ನಂಬಲಿಲ್ಲ. ಅವಳು ಲ್ಯಾಪ್‌ಟಾಪನ್ನು ಪಕ್ಕಕ್ಕಿಟ್ಟು, ತಂದಿದ್ದ ಹಾಳೆ ಹಾಸಿ, ಸ್ಕೇಲು ಕೊಟ್ಟಳು. ಅವರು ಬಾಗಿ ಒಂದು ಬಾಗಿಲು ಅಳೆದರು, ಇನ್ನೊಂದು ಅಳೆದರು.

"ಒಂದು ಮೀಟರ್" ಎಂದರು. ಆಮೇಲೆ ಜೋರಾಗಿ, ಒಳಗಿದ್ದ ಹೆಂಡತಿಗೆ ಕೇಳುವಂತೆ, "ಒಂದ ಮೀಟರ್ ಅದ!" ಕನ್ನಡಕ ತೆಗೆದು ಧೋತರದ ಅಂಚಿನಿಂದ ಬಹಳ ಹೊತ್ತು ಒರೆಸಿದರು.

"ಮತ್ತ ಆ ಎರಡು ಮೀಟರ್ ಯಾಕ ಕಡಿಮಿ ಬಂತವಾ?"

"ನಾನೂರು ಮೀಟರಿನಾಗ ಎರಡು ಯಾರಿಗೆ ತಪ್ಪಂಗಿಲ್ಲ ಹೇಳ್ರಿ? ನೀವ ಕಲಿಸಿದ್ದು ಅದು."

ರಾಯರು ನಕ್ಕರು. "ಹಂಗಾರ ಸಾಹೇಬ್ರು ಯಾವುದು ಇಟ್ಕೊಳ್ಳೋರು?"

"ಎರಡೂ ಇರಲಿ ಅಂತ ಹೇಳ್ತೀನ್ರಿ. ಮೊದಲ ನೀವು ಹಾಳಿ ಮ್ಯಾಲೆ ಎರಡು ಗ್ವಾಡಿ ಅಳದು ಕೊಡ್ರಿ, ಉಳಿದದ್ದು ನಾ ಕಂಪ್ಯೂಟರಿನಾಗ ಮಾಡ್ತೀನಿ."

"ನನಗೂ ಅದನ್ನ ಒಂಚೂರು ತೋರಸು" ಎಂದರು ರಾಯರು, ಅವಳ ಲ್ಯಾಪ್‌ಟಾಪಿನತ್ತ ಕುರ್ಚಿ ಎಳೆದುಕೊಂಡು.

ಸಂಜೆಯ ಬಸ್ಸಿನಲ್ಲಿ ವಿಶಾಖಾಳಿಗೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು. 'ಒಂದ ಮೀಟರ್ ಅದ!' ಎಂಬ ರಾಯರ ಕೂಗು ಇನ್ನೂ ಕಿವಿಯಲ್ಲಿರುವಾಗಲೇ ತಾಯಿ ಮೂಕಮ್ಮನ ಫೋನು ಬಂತು.

"ದನಿ ಯಾಕ ಹಂಗಾಗೇದ? ಅಳಾಕತ್ತಿಯೇನ ಬೇ?"

"ಇಲ್ಲ ಯವ್ವಾ" ಎಂದಳು, ಕಣ್ಣೊರೆಸಿಕೊಂಡು. "ಹೊಟ್ಟಿ ಹಸದದ, ಅಷ್ಟ."