ಬೇರು ಬಿಟ್ಟ ಅನಾನಸ್

"ಇದೇನು, ಗಡ್ಡ ಬಿಟ್ಟ ಮೂಲಂಗಿನಾ?" ಕುರ್ಚಿಯ ಬೆನ್ನುಪಟ್ಟಿಯ ಚಿತ್ರಕ್ಕೆ ಮೂಗು ತಾಗುವಷ್ಟು ಬಗ್ಗಿ ಕೇಳಿದರು ಕ್ಯಾಪ್ಟನ್ ಪೆಲೆಗ್.

"ಅನಾನಸ್," ಅಂದಳು ಲೊವೈಸಾ.

ಕ್ಯಾಪ್ಟನ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನೆಕ್ಟಿಕಟ್‌ನ ಆ ಕುರ್ಚಿ ಕಾರ್ಖಾನೆಯಲ್ಲಿ ಹಾಗೆಲ್ಲ ನಗುವಂತಿಲ್ಲ; ಉಸಿರು ಜೋರಾದರೆ ಚಿತ್ರ ಒತ್ತುವ ಕಂಚಿನ ಪುಡಿ ಹಾರಿಹೋಗುತ್ತದೆ. ಹೆಂಗಸರು ಬಟ್ಟಲಿಗೆ ಅಂಗೈ ಮುಚ್ಚಿದರು. ಕ್ಯಾಪ್ಟನ್ ತಮ್ಮ ಚೀಲದಿಂದ ಹಣ್ಣೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ದೂರದ ಬಿಸಿಲು ದ್ವೀಪಗಳಿಂದ ಅವರ ಹಡಗಿನಲ್ಲಿ ಬಂದದ್ದು. "ಸೊಪ್ಪಿರೋದು ತಲೆ ಮೇಲೆ ಕಣಮ್ಮ. ನೀನು ಬೇರು ಮಾಡಿ ಕೆಳಗಿಳಿಸಿದ್ದೀಯ."

ಪಾಪ, ಅವಳಾದರೂ ಏನು ಮಾಡಿಯಾಳು? ಆ ಬೆಟ್ಟದೂರಲ್ಲಿ ಅನಾನಸ್ ಕಂಡವರು ಯಾರಿದ್ದರು? ಅದೇ ದ್ರಾಕ್ಷಿ ಗೊಂಚಲು ಒತ್ತಿ ಒತ್ತಿ ಬೇಸತ್ತು, ಅವರಿವರ ಬಾಯಿಮಾತು ನಂಬಿ, ಹೊಸ ಚಿತ್ರಕ್ಕೆ ತಾನೇ ಅಚ್ಚಿನ ಕಾಗದ ಕೊರೆದಿದ್ದಳು. ಬೆಳಿಗ್ಗೆಯಿಂದ ಅಂಟಂಟು ವಾರ್ನಿಷ್ ಮೇಲೆ ಆ ಕಾಗದ ಇಟ್ಟು, ಪುಡಿ ಉಜ್ಜಿ, ಒಂದು ಸಾಲು ಕುರ್ಚಿ ಮುಗಿಸಿದ್ದಳು.

"ದ್ರಾಕ್ಷಿನೇ ಸಾಕು ಅಂತ ಬಡಕೊಂಡೆ," ಅಂದಳು ಪಕ್ಕದ ಕೆಜಾಯಾ. "ಕೇಳಿದ್ರೆ ತಾನೆ ಮಹಾರಾಣಿ."

ಯಜಮಾನ ಟಟಲ್ ನಗಲಿಲ್ಲ. "ಇವು ಮಾರಾಟ ಆಗ್ದಿದ್ರೆ ನಾಳೆಯಿಂದ ನೀನು ಬರೋದು ಬೇಡ."

"ಓಹಾಯೋಗೆ ಹೋಗೋ ಗಾಡಿಗೆ ಹಾಕಿ, ನಾನೇ ಕೊಳ್ತೀನಿ," ಅಂದರು ಕ್ಯಾಪ್ಟನ್. "ಅಲ್ಲೂ ಯಾರೂ ಅನಾನಸ್ ನೋಡಿಲ್ಲ."

ಲೊವೈಸಾಳಿಗೆ ಹೋದ ಜೀವ ಬಂದಂತಾಯಿತು. ಆಗಲೇ ಅವಳು ಹಣ್ಣನ್ನು ಸರಿಯಾಗಿ ನೋಡಿದ್ದು. ಮುಟ್ಟಿದಳು, ಚುಚ್ಚಿತು. ಮೂಸಿದಳು, ಎಂದೂ ಕಾಣದ ವಾಸನೆ. ಒಂದೊಂದು ಕಣ್ಣಿನ ನಡುವೆಯೂ ಒಂದೊಂದು ಮುಳ್ಳು. ಇದನ್ನು ಯಾರೂ ತನಗೆ ಹೇಳಿರಲಿಲ್ಲವಲ್ಲ ಎಂದು ಅವಳಿಗೆ ಸಿಟ್ಟು ಬಂತು. ನಾಳೆ ಓಹಾಯೋದಲ್ಲಿ ಇನ್ನೊಬ್ಬಳು ಈ ಕುರ್ಚಿಯನ್ನೇ ನಂಬಿ ತನ್ನಂತೆಯೇ ತಪ್ಪಾಗಿ ಕಾಗದ ಕೊರೆಯುತ್ತಾಳೆ.

ಅವಳು ಚಿಂದಿಬಟ್ಟೆಯನ್ನು ಟರ್ಪೆಂಟೈನಿನಲ್ಲಿ ಅದ್ದಿ ಮೊದಲ ಕುರ್ಚಿ ಒರೆಸತೊಡಗಿದಳು. ಹಸಿ ವಾರ್ನಿಷ್ ಜೊತೆ ಹೊಂಬಣ್ಣವೆಲ್ಲ ಬಟ್ಟೆಗೆ ಬಂತು.

"ಏ, ಹುಚ್ಚು ಗಿಚ್ಚು ಹಿಡೀತಾ?" ಕೆಜಾಯಾ ಅವಳ ರಟ್ಟೆ ಹಿಡಿದಳು. "ಕೊಳ್ತೀನಿ ಅಂದ್ರಲ್ಲೇ ಅವ್ರು."

"ಬಿಡಕ್ಕ."

ಲೊವೈಸಾ ಕೊನೆಯ ಕುರ್ಚಿಯ ತನಕ ಒರೆಸಿ ಮುಗಿಸಿದಳು.

"ನಾನು ಹೇಳಿದ್ದು ನೆನಪಿದೆ ತಾನೆ?" ಅಂದರು ಟಟಲ್.

"ಇದೆ, ಯಜಮಾನರೇ." ಲೊವೈಸಾ ಏಪ್ರನ್ ಬಿಚ್ಚಿ ಮಡಿಸಿಟ್ಟಳು. ಬಾಗಿಲ ತನಕ ಹೋದವಳು ಕ್ಯಾಪ್ಟನ್ ಕಡೆ ತಿರುಗಿದಳು. "ಅದನ್ನ ಒಂಚೂರು ಕೊಯ್ತೀರಾ? ಒಳಗೆ ಹೇಗಿರುತ್ತೆ ಅಂತ ನೋಡ್ಕೊಂಡು ಹೋಗ್ತೀನಿ."

ಕ್ಯಾಪ್ಟನ್ ಚಾಕು ಬಿಚ್ಚಿದರು. ಹೆಂಗಸರೆಲ್ಲ ಬೆಂಚು ಬಿಟ್ಟೆದ್ದು ಮೇಜಿನ ಸುತ್ತ ನಿಂತರು. ಅವರ ಹಿಂದೆ ಟಟಲ್ ಕೂಡ ಕತ್ತು ಚಾಚಿದರು.