ಸಾಸಿವೆಯಷ್ಟು ಅಜ್ಜಿ

"ಅಜ್ಜೀ, ಎಲ್ಲಿ ಅಡಗಿ ಕೂತಿದೀಯಾ ಮಹರಾಯ್ತಿ?"

ಪ್ರಯೋಗಾಲಯದಲ್ಲಿ ಹಾಗೆ ಕರೆದ ಹುಡುಗಿಯ ಹೊರತು ಯಾರೂ ಇರಲಿಲ್ಲ. ಅಜ್ಜಿಯೆಂದರೆ ಸಾಸಿವೆಗೂ ಚಿಕ್ಕದಾದ ಕಲ್ಲಿನ ಗುಂಡು. ಸುಣ್ಣಕಲ್ಲಿನ ಬಂಡೆಯನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಮರಳಿನಿಂದ ಅವಳ ಸೋದರಮಾವ ಹೆಕ್ಕಿ ತೆಗೆದದ್ದು. ಕೋಟಿ ಕೋಟಿ ವರ್ಷಗಳ ಹಿಂದೆ ಮೊಟ್ಟೆಯೊಳಗೇ ಕಲ್ಲಾದ ಭ್ರೂಣ, ಪ್ರಾಣಿಕುಲಕ್ಕೇ ಹಿರಿಯಳು ಎಂದು ಮಾವ ಸಾರಿದ್ದರು, ಹೆಸರಿಟ್ಟವರೂ ಅವರೇ. ನಾಳೆ ಬೆಳಿಗ್ಗೆ ಹೊರಗಿನ ತಜ್ಞರು ಅದನ್ನು ಕಣ್ಣಾರೆ ನೋಡಲು ಬರುವವರಿದ್ದರು.

ಇಂಥ ಕಾಳುಗಳನ್ನು ಎತ್ತುವ ಕುಂಚದ ತುದಿಯನ್ನು ನಾಲಿಗೆಗೆ ತಾಗಿಸಿ ಒದ್ದೆ ಮಾಡಿಕೊಳ್ಳುವುದು ಅವಳ ಅಭ್ಯಾಸ. ಬೇಡವೆಂದು ಮಾವ ಎಷ್ಟೋ ಸಲ ಗದರಿದ್ದರು. ಈಗ ಅಜ್ಜಿ ತಟ್ಟೆಯಲ್ಲಿಲ್ಲ, ಮೇಜಿನ ಮೇಲಿಲ್ಲ, ತೋಳಿನ ಮಡಿಕೆಯಲ್ಲೂ ಇಲ್ಲ. ದೇವರೇ, ನುಂಗಿಬಿಟ್ಟೆನೇ? ಉಗುಳು ನುಂಗಲೂ ಹೆದರಿ ಬಾಯಿ ತೆರೆದೇ ಕೂತಳು.

ಬಾಗಿಲಲ್ಲಿ ಮಾವ. "ಏನಮ್ಮಾ, ಬಾಯಿ ಬಿಟ್ಕೊಂಡು ಕೂತಿದೀಯ? ದೆವ್ವ ಕಂಡ್ಯಾ?"

"ಅಲ್ಲೇ ನಿಲ್ಲಿ ಮಾವ, ಕಾಲಿಡಬೇಡಿ! ಅಜ್ಜಿ ಕಾಣ್ತಿಲ್ಲ."

"ಸರಿಯಾಗಿ ಹುಡುಕು. ವಯಸ್ಸಾದೋಳು, ದೂರ ಹೋಗಿರಲ್ಲ," ಎಂದರು. ಆದರೆ ಬಾಗಿಲ ಚೌಕಟ್ಟು ಹಿಡಿದಿದ್ದ ಅವರ ಕೈ ಬಿಳಿಚಿತ್ತು.

ಸಿಕ್ಕಿತು, ಕುಂಚದ ಕೂದಲಿನ ಬುಡದಲ್ಲಿ; ಎರಡು ಹೋಳಾಗಿ. ಮಾವ ಬೈಯಲಿಲ್ಲ. ಇದ್ದದ್ದೇ ಒಂದು, ಒಡೆಯಲು ಮನಸ್ಸಾಗದೆ ಇಷ್ಟು ವರ್ಷ ಹೊರಮೈಯನ್ನಷ್ಟೇ ನೋಡಿದ್ದರು. ಹೋಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಗ್ಗಿದವರು ತಲೆಯೆತ್ತಲೇ ಇಲ್ಲ.

"ಏನಾಯ್ತು ಮಾವ?"

"ನೀನೇ ನೋಡು."

ಭ್ರೂಣವಾದರೆ ಜೀವಕೋಶಗಳು ಒಡೆದು ಹೆಚ್ಚುತ್ತ ಹೊರಗೆ ಚರ್ಮಕ್ಕೆ, ಒಳಗೆ ಕರುಳಿಗೆ ಎಂದು ಪದರ ಕಟ್ಟಿಕೊಳ್ಳಬೇಕು. ಇಲ್ಲಿ ಪದರವೇ ಇಲ್ಲ. ಒಂದೇ ಅಚ್ಚಿನ ಸಾವಿರಾರು ಕಣಗಳು ಒತ್ತೊತ್ತಾಗಿ ತುಂಬಿ, ಒಂದು ಕಂಡಿಯಿಂದ ಹೊರಚೆಲ್ಲುವ ಹೊತ್ತಿಗೆ ಹಾಗೇ ಕಲ್ಲಾಗಿದ್ದವು. ಪ್ರಾಣಿಯಲ್ಲ, ಯಾವುದೋ ಒಂಟಿಕೋಶದ ಜೀವಿ ಬೀಜಕಣ ತುಂಬಿಟ್ಟ ಚೀಲ.

ಮಾವನ ಆಯುಷ್ಯದ ಕೆಲಸವೆಲ್ಲ ಈ ಕಾಳಿನ ಮೇಲೆ ನಿಂತಿತ್ತು. ನಾಳೆ ಬರುವವರ ನಗು ಅವಳಿಗೆ ಈಗಲೇ ಕೇಳಿಸಿತು. ಗೋಂದಿನ ಸೀಸೆ ಎಳೆದುಕೊಂಡಳು.

"ಅಂಟಿಸಿಬಿಡ್ತೀನಿ ಮಾವ. ಹೊರಮೈ ಮಾತ್ರ ತೋರ್ಸಿ. ಒಳಗೆ ನೋಡಿರೋದು ನಾವಿಬ್ರೇ ತಾನೇ? ನಿಮ್ಮ ಕಾಲಿಗೆ ಬೀಳ್ತೀನಿ, ಹೂಂ ಅನ್ನಿ."

ಮಾವ ಅವಳ ಕೈಯಿಂದ ಸೀಸೆ ತೆಗೆದುಕೊಂಡು ಬಿರಡೆ ಬಿಗಿದರು.

"ಊಹೂಂ. ಆಗಲ್ಲ."