ಧೂಪ ಬ್ಯಾಡ ಅಂದಾರ ಡಾಕ್ಟ್ರು

೧

ಈ ಕಥೆಯನ್ನು ಮುಖದಿಂದ ಶುರು ಮಾಡಬೇಕೋ ಛತ್ರಿಯಿಂದ ಶುರು ಮಾಡಬೇಕೋ ತಿಳಿಯದೆ ಮೂರು ದಿನದಿಂದ ಕೂತಿದ್ದೇನೆ. ಮುಖದಿಂದ ಶುರು ಮಾಡಿದರೆ ಗೋಪಮ್ಮನಿಗೆ ಸಿಟ್ಟು. ಛತ್ರಿಯಿಂದ ಶುರು ಮಾಡಿದರೆ ಓದುವ ನೀವು, ‘ಇವನೇನು ಛತ್ರಿ ರಿಪೇರಿಯವನೇ?’ ಅಂತೀರಿ. ಕೊನೆಗೆ ಧೈರ್ಯ ಮಾಡಿ ಒಂದು ಹಾಳೆ ಬರೆದೆ:

‘ರಾಯಚೂರಿನ ಜಿನ್ನಿಂಗ್ ಫ್ಯಾಕ್ಟರಿಯ ಹಿಂದಿನ ಓಣಿಯಲ್ಲಿ ಗೋಪಮ್ಮ ಎಂಬ ಹುಡುಗಿ. ಮುಖದ ತುಂಬ ಮೊಡವೆಯ ಕಲೆ. ಅವಳನ್ನು ನೋಡಲು ಮಾನ್ವಿಯಿಂದ ಗಂಡಿನವರು ಬರುವವರಿದ್ದರು…’

“ನಿಲ್ಲಸ್ರಿ ಸರ,” ಅಂದಳು ಗೋಪಮ್ಮ, ಹಾಳೆಯ ಒಳಗಿನಿಂದಲೇ. “ಗಂಡು ಯಾಕ ಬಂದ?”

“ಮುಖಕ್ಕ ಟ್ರೀಟ್‌ಮೆಂಟ್ ಮಾಡಿಸ್ಕೋಬೇಕಂದ್ರ ಕಥಿಗೆ ಒಂದು ಕಾರಣ ಬೇಕಲ್ಲವಾ.”

“ಮುಖ ನಂದು. ತಿಕ್ಕಿಸಿಕೊಂಡಾಕಿ ನಾನು. ಕಾರಣ ಮಾನ್ವಿಯಿಂದ ಬರಬೇಕೇನು? ಅವನ್ನ ಅಲ್ಲೇ ಬಸ್‌ಸ್ಟ್ಯಾಂಡಿನಾಗ ಇಳಿಸಿ ಬರ್ರಿ.”

(ಇಳಿಸಿ ಬಂದೆ. ಪಾಪ, ಹೊಸ ಪ್ಯಾಂಟು ಹಾಕಿಕೊಂಡು ಮಿರ್ಚಿ ತಿನ್ನುತ್ತಾ ಕೂತಿದ್ದಾನೆ. ಯಾರಿಗಾದರೂ ಬೇರೆ ಕಥೆಗೆ ಬೇಕಾದರೆ ಕರೆದುಕೊಂಡು ಹೋಗಿ.)

೨

ಹಾಗಾದರೆ ನಿಜವಾದ ಕಾರಣ ಹೇಳುತ್ತೇನೆ. ಕಾರಣ ಒಂದು ಫೋಟೋ.

ಗೋಪಮ್ಮನಿಗೆ ಆಗ, ಅಂದರೆ ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ, ಇಪ್ಪತ್ತಮೂರು ವರ್ಷ. ಕಲ್ಲೂರಿನ ಪ್ರೈಮರಿ ಸಾಲೆಯಲ್ಲಿ ಟೀಚರ್. ದಿನಾ ರಾಯಚೂರಿನಿಂದ ಮಾನ್ವಿ ಬಸ್ಸು ಹತ್ತಿ ನಡುವೆ ಕಲ್ಲೂರಿನಲ್ಲಿ ಇಳಿಯುತ್ತಾಳೆ. ಅಲ್ಲಿಯವರೆಗೆ ಅವಳ ಜೀವನದಲ್ಲಿ ಮೂರು ಗ್ರೂಪ್ ಫೋಟೋ ಆಗಿದ್ದವು. ಹತ್ತನೇ ಕ್ಲಾಸಿನದರಲ್ಲಿ ಬಸವಂತಮ್ಮ ಎಂಬ ಎತ್ತರದ ಹುಡುಗಿಯ ಹಿಂದೆ ನಿಂತಳು. ಫೋಟೋದಲ್ಲಿ ಇರುವುದು ಅವಳ ಒಂದು ಕಿವಿ. ಟ್ರೈನಿಂಗಿನದರಲ್ಲಿ ‘ರೆಡಿ’ ಅನ್ನುವಾಗ ಕಾಗೆ ನೋಡಿದಳು. ಕಲ್ಲೂರು ಸಾಲೆಯ ಹೋದ ವರ್ಷದ ಸ್ಟಾಫ್ ಫೋಟೋದಲ್ಲಿ ಚಪ್ಪಲಿಯ ಬಾರು ಸರಿಮಾಡಲು ಬಗ್ಗಿದಳು. ಬೆನ್ನು ಬಹಳ ಚೆನ್ನಾಗಿ ಬಂದಿದೆ.

ಈ ಸಲ ಹೆಡ್‌ಮಾಸ್ತರ್ ಶರಣಯ್ಯನವರು ರಿಟೈರ್ ಆಗುವವರಿದ್ದರು. ಜೂನ್ ಹದಿನೈದಕ್ಕೆ ಫೋಟೋ ಅಂತ ಮಾರ್ಚಿನಲ್ಲೇ ಹೇಳಿದ್ದರು. “ಗೋಪಮ್ಮ ಟೀಚರ್, ಈ ಸಲ ನೀವು ಮುಂದಿನ ಸಾಲಿನಾಗ, ಕುರ್ಚಿ ಮ್ಯಾಲ. ನಿಮ್ಮ ಬೆನ್ನು ನೋಡಿ ನೋಡಿ ಸಾಕಾಗ್ಯದ” ಅಂದರು.

ಅವಳಿಗೂ ಸಾಕಾಗಿತ್ತು. ಒಂದೇ ಒಂದು ಫೋಟೋದಲ್ಲಿ, ಮುಂದಿನ ಸಾಲಿನಲ್ಲಿ, ಕ್ಯಾಮೆರಾ ಕಡೆ ಮುಖ ಕೊಟ್ಟು ಕೂಡಬೇಕು. ಅಷ್ಟೇ ಆಸೆ. ಇಡೀ ಕಥೆ ಇದರ ಮೇಲೆ ನಿಂತಿದೆ, ಇನ್ನೇನೂ ಹುಡುಕಬೇಡಿ.

೩

(ಮೂರನೇ ಭಾಗದಲ್ಲಿ ಸಣ್ಣವಳಿದ್ದಾಗ ಓಣಿಯ ಹುಡುಗರು ಅವಳಿಗೆ ಇಟ್ಟ ಅಡ್ಡಹೆಸರುಗಳ ಪಟ್ಟಿ ಇತ್ತು. “ಹೊಡದು ಹಾಕ್ರಿ” ಅಂದಳು. ಹೊಡೆದು ಹಾಕಿದೆ. ಜಾಗ ಇನ್ನೂ ತುರಿಸುತ್ತಿದೆ.)

೪

ಬೇಸಿಗೆಯ ರಜೆ. ಮೇ ನಾಲ್ಕನೇ ತಾರೀಖು. ತಾಯಿ ಯಮನಮ್ಮನನ್ನು ಜೊತೆಗೆ ಕರೆದುಕೊಂಡು ಗೋಪಮ್ಮ ಹೈದರಾಬಾದಿಗೆ ರೈಲು ಹತ್ತಿದಳು. ಅಲ್ಲಿ ಒಬ್ಬ ಚರ್ಮದ ಡಾಕ್ಟರು ಮುಖವನ್ನು ಮರಗಟ್ಟಿಸಿ, ಗಿರಗಿರ ತಿರುಗುವ ತಂತಿ ಬ್ರಷ್ಷಿನಿಂದ ಕಲೆ ಇದ್ದ ಮೇಲ್ಪದರವನ್ನು ತಿಕ್ಕಿ ತೆಗೆದರು. ಅದರ ಕೆಳಗಿನಿಂದ ಹೊಸ ಚರ್ಮ ಬರಬೇಕು. ಯಮನಮ್ಮ ಆಮೇಲೆ ಓಣಿಯಲ್ಲಿ ವಿವರಿಸಿದ್ದು ಇದಕ್ಕಿಂತ ಸರಳ: “ಹಿತ್ತಾಳಿ ಕೊಡಕ್ಕ ಕಲಾಯಿ ಮಾಡಸ್ತಾರಲ್ಲ, ಹಂಗ.”

ಡಾಕ್ಟರು ಹೇಳಿದ್ದರು, ತಿಕ್ಕುವುದು ಅರ್ಧ ಕೆಲಸ, ಉಳಿದರ್ಧ ಮನೆಯಲ್ಲಿ ಕಾಯುವುದು. ಆದರೆ ಕಾಯುವುದು ಹೇಗೆಂದು ಅವರು ಹೇಳುವಾಗ ಗೋಪಮ್ಮನ ಮುಖಕ್ಕೆ, ಕಿವಿಗೆ ಎಲ್ಲಾ ಪಟ್ಟಿ ಸುತ್ತಿತ್ತು, ಇಂಜೆಕ್ಷನ್ನಿನ ಮಂಪರು ಬೇರೆ. ಕೇಳಿಸಿಕೊಂಡವಳು ಯಮನಮ್ಮ ಒಬ್ಬಳೇ. ಚೀಟಿಯಲ್ಲಿ ಇದ್ದದ್ದು ಬರೀ ಮುಲಾಮಿನ ಹೆಸರು.

ಯಮನಮ್ಮನ ಬಗ್ಗೆ ಎರಡು ಮಾತು. ತವರು ದೇವದುರ್ಗದ ಕಡೆಯ ಜಾಲಹಳ್ಳಿ. ಇಪ್ಪತ್ತು ವರ್ಷ ಜಿನ್ನಿಂಗ್ ಫ್ಯಾಕ್ಟರಿಯಲ್ಲಿ ಹತ್ತಿ ಆರಿಸಿದಾಕೆ. ತನ್ನ ಉರ್ದುವಿನ ಬಗ್ಗೆ ಬಹಳ ಹೆಮ್ಮೆ. ಅವಳ ಉರ್ದು ಒಟ್ಟು ಹದಿನಾಲ್ಕು ಶಬ್ದ, ಅದರಲ್ಲಿ ಒಂಬತ್ತು ಕಾಯಿಪಲ್ಲೆಯ ಹೆಸರು.

(“ಏ ತಮ್ಮಾ, ಹದಿನಾಲ್ಕು ಅಂತ ಎಣಿಸಿದಿಯೇನು?” ಅಂದಳು ಯಮನಮ್ಮ.
“ಇಲ್ಲಬೇ ಯವ್ವಾ, ಅಂದಾಜು.”
“ಇಪ್ಪತ್ತು ಬರಿ.”
ಸರಿ, ಇಪ್ಪತ್ತು.)

ಡಾಕ್ಟರು ಅಂದದ್ದು ಇಷ್ಟು: “ಅಮ್ಮಾ, ಚೆಹ್ರೇ ಕೋ ಧೂಪ್ ಲಗ್ನೇ ನಕ್ಕೋ ದೇವ್. ಛೇ ಹಫ್ತೇ.”

ಯಮನಮ್ಮನಿಗೆ ಎಲ್ಲಾ ತಿಳಿಯಿತು. ಚೆಹ್ರಾ ಅಂದರೆ ಮುಖ. ನಕ್ಕೋ ಅಂದರೆ ಬ್ಯಾಡ. ಛೇ ಹಫ್ತೇ ಅಂದರೆ ಆರು ವಾರ. ಇನ್ನು ಧೂಪ ಅನ್ನುವುದಂತೂ ಕನ್ನಡವೇ ಆಯಿತಲ್ಲ!

೫

ಹಸಿ ಮುಖಕ್ಕೆ ಹೊಗೆ ತಗುಲಬಾರದು ಅನ್ನುವುದರಲ್ಲಿ ತಪ್ಪೇನಿದೆ ಹೇಳಿ? ನಾನಿದ್ದರೂ ಹಾಗೇ ತಿಳಿಯುತ್ತಿದ್ದೆ. ಯಮನಮ್ಮ ಮನೆಗೆ ಬಂದವಳೇ ದೇವರ ಮುಂದಿನ ಧೂಪಾರತಿ ಎತ್ತಿ ಅಟ್ಟಕ್ಕೆ ಹಾಕಿದಳು. ಓಣಿಯ ಹನ್ನೊಂದು ಮನೆಗೂ ಹೋಗಿ ಕೈ ಮುಗಿದು, “ಆರು ವಾರ ನಮ್ಮ ಹುಡಿಗಿ ಸಲುವಾಗಿ ಯಾರೂ ಧೂಪ ಹಾಕಬ್ಯಾಡ್ರಿ” ಅಂದಳು. ಹನ್ನೊಂದು ಮನೆಯೂ ಒಪ್ಪಿತು. ಇಂಥ ಓಣಿ ಎಲ್ಲಿ ಸಿಗುತ್ತದೆ? (ಕಥೆಯಲ್ಲಿ ಸಿಗುತ್ತದೆ ಅಂತೀರಿ. ಗೊತ್ತು.)

ಉಳಿದ ಆರೈಕೆಯಲ್ಲಿ ಯಮನಮ್ಮನನ್ನು ಮೀರಿಸುವವರಿಲ್ಲ. ಮರುದಿನ ಪಟ್ಟಿ ಬಿಚ್ಚಿದ ಮೇಲೆ, ನೀರು ಕಾಯಿಸಿ ಆರಿಸಿ, ಹತ್ತಿಯಲ್ಲಿ ಅದ್ದಿ, ಒರೆಸದೆ ಬರೀ ಒತ್ತುತ್ತಿದ್ದಳು. ಮುಲಾಮನ್ನು ಬೆರಳ ತುದಿಯಿಂದ ಹೂವಿಗೆ ಹಚ್ಚಿದ ಹಾಗೆ ಹಚ್ಚುತ್ತಿದ್ದಳು. ಸಬಕಾರ ಇಲ್ಲ, ಅರಿಶಿನ ಇಲ್ಲ, ಮಗ್ಗುಲಾಗಿ ಮಲಗುವ ಹಾಗಿಲ್ಲ. ಮುಖದ ಮೇಲೆ ಹಕ್ಕಳೆ ಕಟ್ಟಿ ತುರಿಕೆ ಶುರುವಾದಾಗ, ನಿದ್ದೆಯಲ್ಲಿ ಕೆರೆದುಕೊಂಡಾಳು ಅಂತ ಮಗಳ ಎರಡೂ ಕೈಗೆ ಕಾಲುಚೀಲ ಹಾಕಿ ಮಲಗಿಸಿದಳು.

“ಹಕ್ಕಳಿ ಕೆರದ್ರ ಗುಂಡಿ ಬೀಳತದ. ತಾನ ಉದುರಬೇಕು,” ಅನ್ನುತ್ತಿದ್ದಳು. ನಗುವುದೂ ಬಂದ್. ನಕ್ಕರೆ ಕೆನ್ನೆ ಬಿಗಿದು ಹಕ್ಕಳೆ ಬಿರಿಯುತ್ತದಲ್ಲ.

ಇಷ್ಟೆಲ್ಲ ಮಾಡಿ, ಮುಂಜಾನೆ ಏಳಕ್ಕೆ ಮಗಳನ್ನು ಅಂಗಳದ ಹೊರಸು ಮಂಚದ ಮೇಲೆ ಬಿಸಿಲಿಗೆ ಕೂಡಿಸುತ್ತಿದ್ದಳು. ಹಸುಗೂಸಿಗೆ ಮಾಡುವುದಿಲ್ಲವೇ? ಹಾಗೆ.

“ಯವ್ವಾ, ಬಿಸಲು ಸುಡಾಕತ್ತದ,” ಅನ್ನುತ್ತಿದ್ದಳು ಗೋಪಮ್ಮ. ಮುಖ ಬಾತು ಕಣ್ಣು ಮುಚ್ಚಿಕೊಂಡಿದ್ದವು, ಏನೂ ಕಾಣುತ್ತಿರಲಿಲ್ಲ.

“ಎಳಿ ಬಿಸಲು ಬೇ. ಔಷಧ ಒಳಗ ಇಳೀತದ. ಸುಮ್ಮ ಕೂಡು.”

ಮೇ ತಿಂಗಳ ರಾಯಚೂರು. ಎಳೆ ಬಿಸಿಲು!

೬

ಇಲ್ಲಿ ಸಲಾವುದ್ದೀನ್ ಬರುತ್ತಾನೆ. ದಿನಾ ಸಂಜೆ ಕೆಂಡದ ತಟ್ಟೆಯಲ್ಲಿ ಲೋಬಾನ ಹಾಕಿ ಅಂಗಡಿ ಅಂಗಡಿಗೆ, ಮನೆ ಮನೆಗೆ ಹೊಗೆ ತೋರಿಸಿ, ಒಳ್ಳೆಯದಾಗಲಿ ಅಂತ ಹರಸಿ ಹೋಗುವ ವಯಸ್ಸಾದ ಮನುಷ್ಯ. ಐದು ದಿನದಿಂದ ಯಮನಮ್ಮ ಅವನನ್ನು ಓಣಿಯ ಬಾಯಿಂದಲೇ ವಾಪಸ್ಸು ಕಳಿಸುತ್ತಿದ್ದಳು. ಆ ಸಂಜೆ ಅವನು ಅಲ್ಲಾಡದೆ ನಿಂತ.

“ಯಾಕಕ್ಕಾ, ನನ್ನ ಓಣ್ಯಾಗ ಬಿಡವಲ್ಲಿ? ಏನು ಕಸೂರ್ ಆಗ್ಯದ ನಂದು?”

“ನಿಂದೇನಿಲ್ಲ ಸಲಾವುದ್ದೀನಣ್ಣ. ಹೈದರಾಬಾದಿನ ಡಾಕ್ಟ್ರು ಹೇಳ್ಯಾರ, ಧೂಪ ಬ್ಯಾಡ ಅಂತ.”

“ಅಷ್ಟು ದೂರದ ಡಾಕ್ಟ್ರಿಗೆ ನನ್ನ ಧೂಪದ ಮ್ಯಾಲ ಯಾಕ ಸಿಟ್ಟು? ಅವರು ಹೆಂಗಂದ್ರು, ಹಂಗ ಹೇಳು ನೋಡಾಮು.”

ಯಮನಮ್ಮ ಸೆರಗು ಸರಿಮಾಡಿಕೊಂಡಳು. ಉರ್ದು ಹೇಳುವ ಅವಕಾಶ ದಿನಾ ಬರುವುದಿಲ್ಲ. “ಚೆಹ್ರೇ ಕೋ ಧೂಪ್ ಲಗ್ನೇ ನಕ್ಕೋ ದೇವ್,” ಅಂದಳು, ಒಂದಕ್ಷರ ತಪ್ಪದೆ.

ಸಲಾವುದ್ದೀನ್ ಕೆಂಡದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟ.

“ಯಾ ಅಲ್ಲಾ! ಅಕ್ಕಾ, ಧೂಪ್ ಅಂದ್ರ ಲೋಬಾನ ಅಲ್ಲ. ನಮ್ಮ ಮಾತಿನಾಗ ಧೂಪ್ ಅಂದ್ರ ಬಿಸಲು!”

ಯಮನಮ್ಮ ಅಂಗಳದ ಹೊರಸು ನೋಡಿದಳು. ಸಂಜೆಯಾದರೂ ಅದು ಇನ್ನೂ ಬಿಸಿಯಾಗಿತ್ತು.

“ಅಂದ್ರ… ಐದು ದಿನ ನಾ ದೇವ್ರನ್ನ ಉಪಾಸ ಕೆಡವಿ, ಮಗಳನ್ನ ಹುರದೀನೇನು?”

ಮೊದಲು ನಕ್ಕವನು ಸಲಾವುದ್ದೀನ್. ಆಮೇಲೆ ಹನ್ನೊಂದು ಮನೆಯ ಬಾಗಿಲುಗಳೂ ನಕ್ಕವು. ಒಳಗಿನಿಂದ ಗೋಪಮ್ಮ, ಕಾಲುಚೀಲದ ಎರಡು ಕೈಯಿಂದ ಕೆನ್ನೆ ಒತ್ತಿ ಹಿಡಿದುಕೊಂಡು ಚೀರುತ್ತಿದ್ದಳು: “ನಗಿಸಬ್ಯಾಡ್ರಿ! ಹಕ್ಕಳಿ ಬಿರೀತಾವ! ಯಾರಾರ ಅವ್ವನ ಬಾಯಿ ಮುಚ್ಚಿಸ್ರಿ!”

ಅವಳು ಆ ನಗುವನ್ನು ನುಂಗಿದಳು. ಅದು ಎಲ್ಲಿ ಹೋಯಿತು ಅಂತ ನೆನಪಿಟ್ಟುಕೊಳ್ಳಿ. ನಾನು ಮರೆತರೂ ಮರೆತೇನು.

೭

ಹನ್ನೊಂದನೇ ದಿನ ಹಕ್ಕಳೆ ಉದುರಿತು. ಕೆಳಗೆ ಗುಲಾಬಿ ಬಣ್ಣದ ಎಳೆ ಚರ್ಮ. ಆದರೆ ಎಡಗೆನ್ನೆಯ ಮೇಲೆ, ಹೊರಸಿನಲ್ಲಿ ಬಿಸಿಲಿನ ಕಡೆ ಇದ್ದ ಕೆನ್ನೆಯ ಮೇಲೆ, ನಾಲ್ಕಾಣೆಯಷ್ಟು ಅಗಲದ ಕಂದು ಮಚ್ಚೆ. ಡಾಕ್ಟರಿಗೆ ಕಾಗದ ಹಾಕಿದರು. ಉತ್ತರ ಬಂತು: ಬರಬರುತ್ತಾ ಹೋದರೂ ಹೋದೀತು, ಈಗ ಮತ್ತೆ ಬಿಸಿಲು ಬಿದ್ದರೆ ಕಾಯಂ ಕೂತೀತು.

ಆವತ್ತಿನಿಂದ ಯಮನಮ್ಮನ ಕೈಗೆ ಛತ್ರಿ ಬಂತು. ಜೂನಿನಲ್ಲಿ ಸಾಲೆ ತೆರೆದ ಮೇಲೆ ಅದು ಗೋಪಮ್ಮನ ಕೈಗೆ ಹೋಯಿತು. ಕಲ್ಲೂರಿನ ಹುಡುಗರು ‘ಛತ್ರಿ ಟೀಚರ್’ ಅಂತ ಹೆಸರಿಟ್ಟರು. (ಇದನ್ನು ಹೊಡೆದು ಹಾಕಲಿಲ್ಲ. ಈ ಹೆಸರು ಅವಳಿಗೆ ಇಷ್ಟ.)

ಜಗಳ ಬಿದ್ದದ್ದು ದಿನ ಎಣಿಸುವುದರಲ್ಲಿ.

“ಮೇ ನಾಕರಿಂದ ಆರು ವಾರ. ಜೂನ್ ಹದಿನೈದಕ್ಕ ಮುಗೀತು. ಫೋಟೋಕ್ಕ ಛತ್ರಿ ಇಲ್ಲ,” ಅಂದಳು ಮಗಳು.

“ಮೊದಲಿನ ಐದು ದಿನ ಲೆಕ್ಕಕ್ಕಿಲ್ಲ. ಸಲಾವುದ್ದೀನಣ್ಣ ಬಂದ ದಿನದಿಂದ ಎಣಿಸು. ಇನ್ನಾ ಐದು ದಿನ ಬಾಕಿ ಅದ,” ಅಂದಳು ತಾಯಿ.

“ಛತ್ರಿ ಅಡ್ಡ ಹಿಡದ್ರ ಮುಖ ಕಾಣತದೇನು ಯವ್ವಾ? ಬೆನ್ನು ತೋರಿಸಿದಂಗ ಆತು!”

ಯಮನಮ್ಮ ಛತ್ರಿ ಮಡಚಿ ಗೂಟಕ್ಕೆ ಹಾಕಿದಳು. “ಐದು ದಿನದ ಬಿಸಲು ನಾ ಹಾಕೀನಿ ಬೇ,” ಅಂದಳು. “ಆರನೇದು ಬ್ಯಾಡ.”

೮

ಹದಿನೈದನೇ ತಾರೀಖು ಮುಂಜಾನೆ ಗೋಪಮ್ಮ ಹಸಿರು ಸೀರೆ ಉಟ್ಟು ಹೋದಳು. ಛತ್ರಿ ಗೂಟದಲ್ಲೇ ನೇತಾಡುತ್ತಿತ್ತು, ಬೇಕೆಂದೇ.

ಇಲ್ಲಿ ನನ್ನ ಹತ್ತಿರ ಎರಡು ಮುಕ್ತಾಯ ತಯಾರಿವೆ.

ಅ) ಗೋಪಮ್ಮ ಬಿಸಿಲಿನಲ್ಲಿ ಕೂಡುತ್ತಾಳೆ. ಫೋಟೋ ಚೆನ್ನಾಗಿ ಬರುತ್ತದೆ, ಮಚ್ಚೆ ಕಾಯಂ ಆಗುತ್ತದೆ. ಸೌಂದರ್ಯ ಮನಸ್ಸಿನಲ್ಲಿದೆ ಎಂದು ನಾನು ಒಂದು ಪುಟ ಬರೆಯುತ್ತೇನೆ. (“ನೀವು ನಿಮ್ಮ ಮನಸ್ಸಿನ ಫೋಟೋ ತಗಸ್ರಿ ಸರ,” ಅಂದಳು ಗೋಪಮ್ಮ.)

ಆ) ಅಕಸ್ಮಾತ್ತಾಗಿ ಮೋಡ ಕವಿಯುತ್ತದೆ. (ರಾಯಚೂರಿನ ಓದುಗರು ನನ್ನನ್ನು ಹುಡುಕಿಕೊಂಡು ಬಂದು ಬಡಿಯುತ್ತಾರೆ.)

ಎರಡೂ ಬಿಟ್ಟೆ. ಮುಂದಿನದನ್ನು ನಾನು ಬರೆಯಲಿಲ್ಲ. ಗೂಟದ ಮೇಲಿನ ಛತ್ರಿ ನೋಡಿ ಯಮನಮ್ಮ ಮುಂದಿನ ಬಸ್ಸು ಹತ್ತಿಬಿಟ್ಟಳು. ನನ್ನನ್ನು ಕೇಳಲೂ ಇಲ್ಲ.

೯

ಮಾನ್ವಿಯಿಂದ ಬಂದ ಫೋಟೋಗ್ರಾಫರ್ ಮಹಮ್ಮದ್ ಹುಸೇನ್ ಅಂಗಳದಲ್ಲಿ ಕುರ್ಚಿ ಹಾಕಿಸಿದ್ದ. “ಎಲ್ಲಾರೂ ಬಿಸಲಿಗೆ ಮುಖ ಕೊಡ್ರಿ. ಬೆಳಕು ಬಿದ್ರನ ಮುಖ ಮೂಡತಾವ,” ಅನ್ನುತ್ತಿದ್ದ. ಮುಂದಿನ ಸಾಲಿನ ಕುರ್ಚಿಯ ಹತ್ತಿರ ಗೋಪಮ್ಮ ನಿಂತಿದ್ದಳು. ಅಂಗೈ ಎಡಗೆನ್ನೆಯ ಮೇಲೆ. ಕೂಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ಹಿಂದಿನ ಸಾಲಿನಲ್ಲಿ ಎತ್ತರದ ಮಾಸ್ತರೊಬ್ಬರ ಬೆನ್ನಿನ ನೆರಳು ಖಾಲಿ ಇತ್ತು.

ಆಗ ಗೇಟಿನಲ್ಲಿ ಕರಿ ಛತ್ರಿ ಕಂಡಿತು.

“ಏ ಫೋಟೋದಣ್ಣಾ, ತಡಿ! ಧೂಪ್ ನಕ್ಕೋ! ಧೂಪ್ ನಕ್ಕೋ!” ಅನ್ನುತ್ತಾ ಯಮನಮ್ಮ ಬಂದವಳೇ ಮಗಳನ್ನು ಭುಜ ಹಿಡಿದು ಕುರ್ಚಿಯ ಮೇಲೆ ಕೂಡಿಸಿ, ಹಿಂದೆ ನಿಂತು ಛತ್ರಿ ಬಿಚ್ಚಿದಳು. ಛತ್ರಿಯನ್ನು ಮುಖಕ್ಕೆ ಅಡ್ಡ ಹಿಡಿಯಲಿಲ್ಲ. ಮೇಲೆ, ಎತ್ತರಕ್ಕೆ ಹಿಡಿದಳು.

“ಅಮ್ಮಾ, ನೀವು ಸ್ಟಾಫಲ್ಲ. ಛತ್ರಿನೂ ಸ್ಟಾಫಲ್ಲ,” ಅಂದ ಮಹಮ್ಮದ್ ಹುಸೇನ್.

“ಹದಿನೈದು ದಿನದಿಂದ ಹಾಜರಿ ತಪ್ಪಿಲ್ಲ ಆ ಛತ್ರೀದು,” ಅಂದರು ಶರಣಯ್ಯನವರು. “ಇರ್ಲಿ ಬಿಡಪಾ, ಹೊಡಿ.”

“ಹಿಡದಾಕಿನೂ ಇರಬೇಕಲ್ರಿ ಮತ್ತ,” ಅಂದಳು ಯಮನಮ್ಮ, ಕ್ಯಾಮೆರಾಕ್ಕೆ ಸೆರಗು ಸರಿಮಾಡಿಕೊಳ್ಳುತ್ತಾ. “ನಂದು ಉರ್ದು ಟ್ರೈನಿಂಗ್ ಆಗ್ಯದ.”

ಮೇ ತಿಂಗಳಲ್ಲಿ ನುಂಗಿದ್ದ ನಗು ಅಲ್ಲಿ ಹೊರಗೆ ಬಂತು. ಗೋಪಮ್ಮ ಅಂಗೈ ತೆಗೆದು, ಬಾಯಿ ತುಂಬ, ಕೆನ್ನೆ ತುಂಬ ನಕ್ಕಳು. ಯಾವ ಹಕ್ಕಳೆಯೂ ಬಿರಿಯಲಿಲ್ಲ. ಮಹಮ್ಮದ್ ಹುಸೇನ್ ಗುಂಡಿ ಒತ್ತಿದ.

ಫೋಟೋ ಬಂತು. ಬಿಸಿಲಿಗೆ ಮುಖ ಕೊಟ್ಟ ಒಂಬತ್ತು ಜನ ಮಾಸ್ತರರೂ ಕಣ್ಣು ಮುಚ್ಚಿದ್ದಾರೆ. ಶರಣಯ್ಯನವರು ನಿಂಬೆಹಣ್ಣು ಕಚ್ಚಿದ ಹಾಗೆ ಕಾಣುತ್ತಾರೆ. ಇಡೀ ಫೋಟೋದಲ್ಲಿ ಕಣ್ಣು ಬಿಟ್ಟು ಕೂತವಳು ಒಬ್ಬಳೇ, ನೆರಳಿನಲ್ಲಿದ್ದವಳು.

೧೦

“ಅದೆಲ್ಲಾ ಸರಿ, ಆ ಮಚ್ಚೆ ಹೋಯಿತೋ ಇಲ್ಲವೋ?” ಅಂತ ಕೇಳುತ್ತೀರಿ. ಫೋಟೋ ಕಪ್ಪು ಬಿಳುಪು, ಮೇಲೆ ಛತ್ರಿಯ ನೆರಳು, ಸಾಲದ್ದಕ್ಕೆ ನಗು. ಎಷ್ಟು ಹತ್ತಿರ ಹಿಡಿದರೂ ಗೊತ್ತಾಗುವುದಿಲ್ಲ. ಗೋಪಮ್ಮನನ್ನು ಕೇಳಿದರೆ, “ಕೆರೀಬ್ಯಾಡ್ರಿ ಸರ” ಅನ್ನುತ್ತಾಳೆ.

ಆದರೂ ಕಥೆ ಅಂದ ಮೇಲೆ ಮುಗಿಸಬೇಕಲ್ಲ ಅಂತ ಪೂರ್ಣವಿರಾಮ ಇಡಲು ಪೆನ್ನು ಎತ್ತಿದೆ.

“ಏ ತಮ್ಮಾ,” ಅಂದಳು ಯಮನಮ್ಮ. “ಇವತ್ತಿನ್ನಾ ಹದಿನೈದು. ಐದು ದಿನ ಬಾಕಿ ಅದ. ಈಗ ಹೆಂಗ ಮುಗಸ್ತಿ?”

“ಯವ್ವಾ, ಒಂದೇ ಒಂದು ಚುಕ್ಕಿ…”

“ತಾನ ಉದುರಬೇಕು,” ಅಂದವಳೇ ನನ್ನ ಎರಡೂ ಕೈಗೆ ಕಾಲುಚೀಲ ಹಾಕಿಬಿಟ್ಟಳು. ಈಗ ಪೆನ್ನು ಹಿಡಿಯಲು ಬರುತ್ತಿಲ್ಲ, ಕೊನೆಯ ಸಾಲು ಇದೇ ಅಂತ ಹೇಳಲೂ ಆಗುತ್ತಿಲ್ಲ, ಬಹಳ ತುರಿಸುತ್ತಿದೆ, ನಗು ಬೇರೆ ಬರುತ್ತಿದೆ, ನೀವಾದರೂ ಸ್ವಲ್ಪ ಆ ಛತ್ರಿ ಈ ಕಡೆ